ಸೋರುವ ಕೊಳ, ಆರುವ ದೀಪ

ಬಾವಿಯ ತಳ ಕಾಣುವ ವೈಶಾಖಮಾಸದಲ್ಲಿ ಮನೆಯ ಹಿತ್ತಲಿನಲ್ಲೊಂದು ಕೊಳ. ಕೊಳದ ನಡುವೆ ಕಾರಂಜಿ. ಕಾರಂಜಿಯ ಬುಡದಲ್ಲಿ ಬಣ್ಣದ ದೀಪ! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ಬರಗಾಲವನ್ನೇ ನೆನೆಯುವವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ, ಅದೂ ಬಿದ್ದರೆ ಬಿದ್ದೀತೆನ್ನುವ ಸೀಮೆಯಿದು. ಆದರೆ ನೀರು ವಿರಳವಾದ ಕಡೆಯಲ್ಲಿಯೇ ನೀರಿನ ನೋಟಕ್ಕಾಗಿ ಮನುಷ್ಯನ ಕಣ್ಣು ಹೆಚ್ಚು ಹಾತೊರೆಯುತ್ತದೆ.

ಈ ಹಂಬಲ ಇಲ್ಲಿಗೆ ಹೊಸದೂ ಅಲ್ಲ. ವಿಜಯಪುರದಿಂದ ಸಿಂದಗಿಯ ದಾರಿ ಹಿಡಿದು ಸುಮಾರು 20 ಕಿಲೋಮೀಟರು ಸಾಗಿದರೆ ಕುಮಟಗಿ ಎಂಬ ಗ್ರಾಮ ಸಿಗುತ್ತದೆ. ಅದು ಆದಿಲಶಾಹಿ ಅರಸರ ವಿಹಾರಸ್ಥಾನವಾಗಿತ್ತು. ಕೊಳದ ನಡುವೆ ಒಂದು ಪುಟ್ಟ ಮಂಟಪ, ಅದನ್ನು ಸೇರಲು ಕಮಾನುಗಳ ಸೇತುವೆ, ಗೋಡೆಗಳ ಮೇಲೆ ವರ್ಣಚಿತ್ರಗಳು. ಬಳಿಯ ಕೆರೆಯ ನೀರನ್ನು ಎತ್ತರದ ತೊಟ್ಟಿಗೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಇಳಿಸಿ, ಸಣ್ಣ ತೂತುಗಳುಳ್ಳ ಗುಬುಟುಗಳ ಮೂಲಕ ತುಂತುರಾಗಿ ಸುರಿಸುವ ಏರ್ಪಾಡು ಅಲ್ಲಿದ್ದಿತು. ಪುರಾತತ್ತ್ವಜ್ಞರಾದ ಹೆನ್ರಿ ಕಸಿನ್ಸ್ ಅವರು 1916ರಲ್ಲಿ ಪ್ರಕಟವಾದ ತಮ್ಮ ಬಿಜಾಪುರದ ವಾಸ್ತುಶಿಲ್ಪ ಗ್ರಂಥದಲ್ಲಿ ಈ ಜಲಯಂತ್ರವನ್ನು ವಿವರಿಸಿದ್ದಾರೆ. ಇಂದಿನ ಯಾತ್ರಿಕನಿಗೆ ಕಾಣುವುದು ಧಾರೆಯಲ್ಲ, ಧಾರೆ ಬಂದ ದಾರಿ ಮಾತ್ರ. ದುರಸ್ತಿಯ ವಿಷಯ ಅರಿಯಬೇಕಾದವನಿಗೆ ಆ ದಾರಿಯೇ ಹೆಚ್ಚು ಉಪಯುಕ್ತ.

ನಮ್ಮ ಕಾಲದ ಕುಮಟಗಿಯೆಂದರೆ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಅಣೆಕಟ್ಟು ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು. ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ಅಣೆಕಟ್ಟಿನ ಉದ್ಯಾನದ ಸಂಗೀತ ಕಾರಂಜಿಯನ್ನು ನೋಡಿ ಬಂದ ಮಕ್ಕಳು ಮನೆಯಲ್ಲಿಯೂ ಅಂಥದೊಂದು ಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ತಂದೆಯಾದವನು ಗೌಂಡಿಯನ್ನು ಕರೆಯಿಸುತ್ತಾನೆ; ತಾಳಿಕೋಟೆಯ ಫರಸಿ ಹಾಸುತ್ತಾರೆ; ಪಂಪು ಕೂಡಿಸುತ್ತಾರೆ; ದೀಪ ಹತ್ತುತ್ತದೆ; ನೆರೆಹೊರೆಯವರು ಬಂದು ನೋಡಿ ಮೆಚ್ಚುತ್ತಾರೆ. ಎರಡನೆಯ ಬೇಸಿಗೆಯ ಹೊತ್ತಿಗೆ ಕೊಳ ಸೋರುತ್ತದೆ, ದೀಪ ಆರುತ್ತದೆ.

ಆಗ ಕೇಳಿಬರುವ ತೀರ್ಪು ಸಾಮಾನ್ಯವಾಗಿ ಒಂದೇ: "ತಳಾ ಸೀಳೇದರಿ ಸಾಹೇಬ್ರ, ಪೂರಾ ತಗದು ಹೊಸದಾಗಿ ಹಾಕಬೇಕು." ತಳ ಒಡೆದಿರುವುದು ಸುಳ್ಳಲ್ಲದಿರಬಹುದು. ಆದರೆ ತಳವನ್ನು ಒಡೆಯುವ ಮೊದಲು ಖರ್ಚಿಲ್ಲದ ಕೆಲವು ಪರೀಕ್ಷೆಗಳಿವೆ. ಅವನ್ನು ಮಾಡದೆ ಹಾರೆಗೆ ಕೈ ಹಾಕುವುದು ನಾಡಿ ಹಿಡಿಯದೆ ಔಷಧ ಕೊಟ್ಟಂತೆ.

ಬಿಸಿಲು ಕುಡಿದ ನೀರೆಷ್ಟು?

ಬಯಲುಸೀಮೆಯ ಬಿರುಬೇಸಿಗೆಯಲ್ಲಿ, ಬಿಸಿಗಾಳಿ ಬೀಸುವಾಗ, ತೆರೆದ ಕೊಳದಿಂದ ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ನೀರು ಆವಿಯಾಗಿ ಹೋಗುವುದು ಸಹಜ. ಮೂರು ಮೀಟರು ಉದ್ದ, ಎರಡು ಮೀಟರು ಅಗಲದ ಕೊಳದಲ್ಲಿ ಒಂದು ಸೆಂಟಿಮೀಟರೆಂದರೆ 60 ಲೀಟರು, ಅಂದರೆ ನಾಲ್ಕು ಕೊಡ ನೀರು. ಇದನ್ನು ಸೋರಿಕೆಯೆಂದು ಭ್ರಮಿಸಿ ತಳ ಅಗೆಸಿದವನು ಸೂರ್ಯನ ತಪ್ಪಿಗೆ ಗೌಂಡಿಗೆ ಕೂಲಿ ಕೊಟ್ಟಂತಾಗುತ್ತದೆ.

ಇವೆರಡನ್ನೂ ಬೇರ್ಪಡಿಸಿ ತೋರಿಸಲು ಒಂದು ಬಕೆಟ್ಟು ಸಾಕು. ಕೊಳದ ಮೆಟ್ಟಿಲ ಮೇಲೆ, ಅರ್ಧ ನೀರಿನಲ್ಲಿ ಮುಳುಗಿರುವಂತೆ ಬಕೆಟ್ಟನ್ನಿಟ್ಟು, ಅಲುಗದಂತೆ ಒಳಗೊಂದು ಕಲ್ಲಿಟ್ಟು, ಹೊರಗಿನ ಮಟ್ಟಕ್ಕೇ ಒಳಗೂ ಕೊಳದ ನೀರನ್ನೇ ತುಂಬಬೇಕು. ಒಳಮಟ್ಟಕ್ಕೊಂದು, ಹೊರಮಟ್ಟಕ್ಕೊಂದು ಗೆರೆ ಎಳೆದು, ಪಂಪನ್ನು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಕಾಯಬೇಕು. ಎರಡೂ ಸಮನಾಗಿ ಇಳಿದಿದ್ದರೆ ನೀರನ್ನು ಕುಡಿದವನು ಸೂರ್ಯ. ಹೊರಗಿನದು ಹೆಚ್ಚು ಇಳಿದಿದ್ದರೆ ಎಲ್ಲಿಯೋ ಬಾಯಿ ತೆರೆದಿದೆ.

ಮರುದಿನ ಇದೇ ಪರೀಕ್ಷೆಯನ್ನು ಪಂಪು ನಡೆಯುತ್ತಿರುವಾಗ ಮಾಡಬೇಕು. ಪಂಪು ನಿಂತಾಗ ಸೋರದ ಕೊಳ ಪಂಪು ನಡೆದಾಗ ಸೋರಿದರೆ ದೋಷವಿರುವುದು ಕೊಳದ ಮೈಯಲ್ಲಲ್ಲ. ನೀರನ್ನು ಮೇಲಕ್ಕೊಯ್ಯುವ ಕೊಳವೆಯಲ್ಲಿ, ಇಲ್ಲವೆ ನೀರು ಧುಮುಕುವ ಕಲ್ಲಿನ ಅಂಚಿನಲ್ಲಿ. ಕಲ್ಲಿನ ಅಂಚಿಗೆ ಅಂಟಿಕೊಂಡು ಹಿಂದಕ್ಕೆ ಹರಿಯುವ ತೆಳುವಾದ ನೀರಿನ ಎಳೆ ಯಾರ ಕಣ್ಣಿಗೂ ಬೀಳದೆ ದಿನವೂ ಕೊಡಗಟ್ಟಲೆ ನೀರನ್ನು ಮಣ್ಣಿಗಿಳಿಸಬಲ್ಲದು. ಅಂಚಿನ ಕೆಳಮೈಯಲ್ಲಿ ಒಂದು ಸಣ್ಣ ಗೀರು ಕೊರೆಯಿಸಿದರೆ ನೀರು ಅಲ್ಲಿಯೇ ಕಡಿದು ಬೀಳುತ್ತದೆ. ಗಾಳಿಯ ಕಾಟವೂ ಉಂಟು. ಗಾಳಿಯಂತ್ರಗಳನ್ನು ನಿಲ್ಲಿಸುವಷ್ಟು ಗಾಳಿ ಬೀಸುವ ಬಾಗೇವಾಡಿಯ ಬಯಲಿನಲ್ಲಿ ಆಳೆತ್ತರಕ್ಕೆ ಕಾರಂಜಿ ಹಾರಿಸಿದರೆ ಅರ್ಧ ನೀರು ಪಕ್ಕದ ಮನೆಯ ಒಣಗುವ ಬಟ್ಟೆಗೆ ಸಲ್ಲುತ್ತದೆ. ಧಾರೆಯಿಂದ ಕೊಳದ ಅಂಚಿಗೆ ಇರುವ ದೂರದ ಅರ್ಧಕ್ಕಿಂತ ಧಾರೆ ಎತ್ತರವಾಗದಿದ್ದರೆ ಒಳ್ಳೆಯದು.

ನೀರು ತಾನೇ ನಿಲ್ಲುವ ಗೆರೆ

ಪಂಪು ನಿಂತಾಗಲೂ ನೀರು ಇಳಿಯುತ್ತಿದ್ದರೆ, ಅದನ್ನು ತುಂಬಿಸುವ ಆತುರ ಬೇಡ; ಇಳಿಯಲು ಬಿಡಬೇಕು. ಮೀನು ಸಾಕಿದವರು ಅವನ್ನು ತೊಟ್ಟಿಗೆ ಸಾಗಿಸಿಕೊಂಡರೆ ಸರಿ. ಇಳಿದಿಳಿದು ನೀರು ಒಂದೆಡೆ ನಿಲ್ಲುತ್ತದೆ. ತೂತು ಇರುವುದು ಆ ಗೆರೆಯ ಮಟ್ಟದಲ್ಲಿ. ಆ ಗೆರೆಯುದ್ದಕ್ಕೂ, ನೀರು ನಿಶ್ಚಲವಾಗಿರುವಾಗ, ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿಯನ್ನು ಪಿಚಕಾರಿಯಿಂದ ಮೆಲ್ಲನೆ ಬಿಡುತ್ತ ಹೋದರೆ, ತೂತಿನ ಬಳಿ ನೀಲಿ ಚದುರದೆ ಎಳೆಯಾಗಿ ಒಳಸೇರುವುದನ್ನು ಮಕ್ಕಳೂ ಕಂಡುಹಿಡಿಯಬಲ್ಲರು. ಈ ಹೊತ್ತಿನಲ್ಲಿ ಪಂಪು ಮತ್ತು ದೀಪಗಳ ಮುಖ್ಯ ಸ್ವಿಚ್ಚು ಆರಿರಲೇಬೇಕು.

ಆಶ್ಚರ್ಯದ ಸಂಗತಿಯೆಂದರೆ, ಈ ಗೆರೆ ಅನೇಕ ಕೊಳಗಳಲ್ಲಿ ದೀಪದ ಗೂಡಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ದೀಪಕ್ಕೆ ತಂತಿ ತರಲು ಗೋಡೆಯಲ್ಲಿ ಹುದುಗಿಸಿದ ಕೊಳವೆಯೇ ಇದಕ್ಕೆ ಕಾರಣ. ತಂತಿಯ ಸುತ್ತ ಆ ಕೊಳವೆಯ ಬಾಯಿಯನ್ನು ಮುಚ್ಚಿದ ಅಂಟು ಬಿಸಿಲಿಗೆ ಒಣಗಿ ಬಿರಿದಾಗ ನೀರು ಕೊಳವೆಯೊಳಕ್ಕೆ ನುಗ್ಗುತ್ತದೆ. ಅದರ ಇನ್ನೊಂದು ತುದಿಯಲ್ಲಿರುವ ತಂತಿಯ ಪೆಟ್ಟಿಗೆ ಕೊಳದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿದ್ದರೆ, ಪೆಟ್ಟಿಗೆ ತುಂಬಿ, ನೆಲಕ್ಕೆ ಸೋರುತ್ತದೆ. ನೀರು ಹೋದದ್ದೂ ಆ ದಾರಿಯಿಂದಲೇ, ದೀಪ ಕೆಟ್ಟದ್ದೂ ಆ ನೀರಿನಿಂದಲೇ. ಎರಡು ರೋಗಗಳೆಂದು ಇಬ್ಬರು ವೈದ್ಯರನ್ನು ಕರೆಯಿಸಿದ ಗೃಹಸ್ಥನಿಗೆ ರೋಗ ಒಂದೇ ಎಂದು ಹೇಳುವವರಿಲ್ಲ; ಗೌಂಡಿ ದೀಪವನ್ನು ಮುಟ್ಟುವುದಿಲ್ಲ, ವಿದ್ಯುತ್ತಿನವನು ಗೋಡೆಯನ್ನು ನೋಡುವುದಿಲ್ಲ.

ಈ ಸೀಮೆಯಲ್ಲಿ ಅದು ಇಷ್ಟಕ್ಕೇ ನಿಲ್ಲುವುದೂ ಇಲ್ಲ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಹೊಗಳಿಸಿಕೊಂಡ ಎರೆಮಣ್ಣು ಬೆಳೆಗೆ ಎಷ್ಟು ಉದಾರಿಯೋ ಕಟ್ಟಡಕ್ಕೆ ಅಷ್ಟೇ ಕೃಪಣ. ಅದರ ಜೇಡಿಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ; ಬೇಸಿಗೆಯ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದು ಇದರಿಂದಲೇ. ಕೊಳವೆಯಿಂದ ಸೋರಿದ ನೀರು ಒಂದು ಮಗ್ಗುಲಿನ ಮಣ್ಣನ್ನು ಮಾತ್ರ ನೆನೆಯಿಸಿದಾಗ ಆ ಮಗ್ಗುಲು ಉಬ್ಬಿ ಗೋಡೆಯನ್ನು ಎತ್ತುತ್ತದೆ. ಒಣಗಿದ ಮಗ್ಗುಲು ಕೆಳಗೇ ಉಳಿಯುತ್ತದೆ. ನಡುವೆ ಗೋಡೆ ಸೀಳುತ್ತದೆ. ಬೆರಳು ತೂರದ ತೂತು ಹೀಗೆ ಒಂದು ವರ್ಷದಲ್ಲಿ ಕೊಳವನ್ನೇ ಮುರಿಯುತ್ತದೆ. ಮೊದಲೇ ಎರೆಯನ್ನು ಆಳದವರೆಗೆ ತೆಗೆಯಿಸಿ ಗರಸು ತುಂಬಿ, ಕುಟ್ಟಿಸಿ, ಅದರ ಮೇಲೆ ಕಬ್ಬಿಣ ಹೆಣೆದ ಕಾಂಕ್ರೀಟು ಹಾಕಿದ ಕೊಳಗಳಿಗೆ ಈ ಭಯ ಕಡಿಮೆ.

ಹಳಬರು ನೀರನ್ನು ಆಳಿದ ಬಗೆ ಇಲ್ಲಿ ನೆನಪಿಗೆ ಬರುತ್ತದೆ. ವಿಜಯಪುರದ ಬೀದಿಗಳಲ್ಲಿ ಇಂದಿಗೂ ಗಂಜ್ ಎಂಬ ನೀರಿನ ಗೋಪುರಗಳು ನಿಂತಿವೆ. ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ನೆಲದಡಿಯ ಕೊಳವೆಗಳಲ್ಲಿ ಬಂದ ನೀರನ್ನು ಈ ಗೋಪುರಗಳಿಗೇರಿಸಿ ಮತ್ತೆ ಇಳಿಸುತ್ತಿದ್ದರು. ಒತ್ತಡ ಅಲ್ಲಿ ಮುರಿಯುತ್ತಿತ್ತು, ಕೆಸರು ಅಲ್ಲಿ ತಳ ಹಿಡಿಯುತ್ತಿತ್ತು, ಕೊಳವೆ ಬಿರಿಯುತ್ತಿರಲಿಲ್ಲ. ನೀರು ತನ್ನ ಮಟ್ಟವನ್ನು ಮೀರಿ ಏರದೆಂಬ ಒಂದೇ ಸತ್ಯವನ್ನು ನಂಬಿ ಕಟ್ಟಿದ ವ್ಯವಸ್ಥೆಯದು. ದೀಪದ ಕೊಳವೆಗೂ ಅದೇ ಸತ್ಯ ಸಾಕು: ಅದರ ಹೊರತುದಿಯನ್ನೂ ತಂತಿಯ ಪೆಟ್ಟಿಗೆಯನ್ನೂ ಕೊಳದ ತುಂಬುಮಟ್ಟಕ್ಕಿಂತ ಒಂದು ಗೇಣು ಮೇಲಕ್ಕೆ ಎತ್ತಿಸಿದರೆ, ಕೊಳವೆ ಒಡೆಯದಿರುವವರೆಗೆ, ಅಂಟು ಬಿರಿದರೂ ನೀರು ಅದರಲ್ಲಿ ತನ್ನ ಮಟ್ಟದವರೆಗೆ ಏರಿ ಸುಮ್ಮನೆ ನಿಲ್ಲುತ್ತದೆ; ಹೊರಗೆ ಹರಿಯುವುದಿಲ್ಲ. ಈ ಕೆಲಸ ಅರ್ಧ ದಿನದ್ದು. ಆಮೇಲೆ ಕೊಳವೆಯ ಬಾಯಿಗೆ ನೀರಿನಲ್ಲಿ ಕೆಡದ ಹೊಸ ಅಂಟನ್ನು ತುಂಬಿದರಾಯಿತು.

ಗೋಡೆಯ ಕೂದಲೆಳೆಯ ಬಿರುಕುಗಳನ್ನು ಸುಮ್ಮನೆ ಸಿಮೆಂಟು ಸವರಿ ಮುಚ್ಚುವುದು ವ್ಯರ್ಥ. ಬಿರುಕನ್ನು ಉಳಿಯಿಂದ ಅಗಲಿಸಿ, ಧೂಳು ತೊಳೆದು, ಬಾಗಿದರೂ ಸೀಳದ ಲೇಪವನ್ನು ತುಂಬಬೇಕು. ಎರೆನೆಲದಲ್ಲಿ ಕೊಳವನ್ನು ತಿಂಗಳುಗಟ್ಟಲೆ ಬರಿದಾಗಿ ಬಿಡುವುದು ಇನ್ನೂ ಕೆಟ್ಟದ್ದು. ಒಳಗೆ ನೀರಿನ ಭಾರವಿಲ್ಲದಾಗ ಮಳೆಗೆ ಉಬ್ಬಿದ ಮಣ್ಣು ಗೋಡೆಯನ್ನು ಒಳಕ್ಕೆ ನೂಕುತ್ತದೆ.

ಕತ್ತಲೆಗೆ ಕಾರಣ

ದೀಪ ಆರಿದ ಬಗೆಯೇ ಅರ್ಧ ಉತ್ತರವನ್ನು ಹೇಳುತ್ತದೆ. ಎಲ್ಲ ದೀಪಗಳೂ ಒಮ್ಮೆಗೇ ಆರಿದ್ದರೆ ದೋಷ ಸ್ವಿಚ್ಚಿನಲ್ಲಿ ಇಲ್ಲವೆ ಟ್ರಾನ್ಸ್‌ಫಾರ್ಮರಿನಲ್ಲಿ. ಒಂದೇ ಆರಿದ್ದರೆ ಆ ದೀಪದಲ್ಲಿ ಅಥವಾ ಅದರ ಜೋಡಣೆಯಲ್ಲಿ. ದೂರದ ದೀಪ ಮಂಕಾಗಿದ್ದರೆ ತಂತಿ ತೆಳುವಾಗಿದೆಯೆಂದು ಊಹಿಸಬಹುದು. 60 ವ್ಯಾಟಿನ ದೀಪಗಳು ಮನೆಯ 230 ವೋಲ್ಟಿನಲ್ಲಿ ಕಾಲು ಆಂಪಿಯರು ಮಾತ್ರ ಎಳೆಯುತ್ತವೆ; 12 ವೋಲ್ಟಿನಲ್ಲಿ ಐದು ಆಂಪಿಯರು. ಅಷ್ಟು ಪ್ರವಾಹವನ್ನು ಸಣ್ಣ ತಂತಿಯಲ್ಲಿ ದೂರ ಸಾಗಿಸಿದರೆ ದಾರಿಯಲ್ಲಿಯೇ ಒಂದೆರಡು ವೋಲ್ಟು ಸವೆದುಹೋಗುತ್ತದೆ. ಎಲ್ಲ ದೀಪಗಳೂ ಮೆಲ್ಲಮೆಲ್ಲನೆ ಮಬ್ಬಾಗುತ್ತ ಬಂದಿದ್ದರೆ ಅದು ವಿದ್ಯುತ್ತಿನ ದೋಷವೇ ಅಲ್ಲದಿರಬಹುದು. ಕೊಳವೆಬಾವಿಯ ಗಡಸು ನೀರು ಗಾಜಿನ ಮೇಲೆ ಬಿಳಿಯ ಸುಣ್ಣದ ಪೊರೆ ಕಟ್ಟುತ್ತದೆ, ಕಾರಂಜಿಯ ತೂತುಗಳನ್ನೂ ಮುಚ್ಚುತ್ತದೆ. ಇದಕ್ಕೆ ಪೇಟೆಯ ರಾಸಾಯನಿಕಗಳೇ ಬೇಕೆಂದಿಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತೆಂದು ಹೆಮ್ಮೆಪಡುವ ಗೃಹಿಣಿ, ಅದೇ ಲಿಂಬೆಯ ರಸದಲ್ಲಿ ಕಾರಂಜಿಯ ಬಾಯನ್ನು ಒಂದು ರಾತ್ರಿ ನೆನೆಯಿಟ್ಟು ಉಜ್ಜಿದರೆ ಬಹಳಷ್ಟು ಸುಣ್ಣ ಕರಗಿ ಬರುತ್ತದೆ.

ಇಷ್ಟನ್ನು ಮನೆಯವರೇ ನೋಡಿಕೊಳ್ಳಬಹುದು. ಇದರಾಚೆಗಿನದು ಅನುಮತಿ ಪಡೆದ ವಿದ್ಯುತ್ ಕೆಲಸಗಾರನದು. ಇಲ್ಲಿ ಉಳಿತಾಯದ ಮಾತು ಆಡಕೂಡದು. ಒದ್ದೆಯಾದ ಮೈಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಮತ್ತು ಕೊಳದ ನೀರಿಗೆ ಮೊದಲು ಕೈ ಹಾಕುವುದು ಮಕ್ಕಳು. ನೀರಿನೊಳಗಿನ ದೀಪ 12 ವೋಲ್ಟಿನದೇ ಆಗಿರಬೇಕು. ಅದರ ಟ್ರಾನ್ಸ್‌ಫಾರ್ಮರು ಮನೆಯ ತಂತಿಗೂ ದೀಪದ ತಂತಿಗೂ ನೇರ ಸಂಬಂಧವಿಲ್ಲದಂತೆ ಎರಡು ಬೇರೆ ಸುರುಳಿಗಳುಳ್ಳದ್ದಾಗಿದ್ದು, ಕೊಳದಿಂದ ಹಲವು ಮೀಟರು ದೂರ, ಒಣಸ್ಥಳದಲ್ಲಿರಬೇಕು. ಮುಳುಗಿಸುವ ಪಂಪಾದರೋ ಬಹುಮಟ್ಟಿಗೆ 230 ವೋಲ್ಟಿನಲ್ಲಿಯೇ ನಡೆಯುವುದು. ಆದುದರಿಂದ ಅದು ಓಡುತ್ತಿರುವಾಗ ಯಾರೂ ನೀರಿಗಿಳಿಯಕೂಡದು. ಸೋರುವ ವಿದ್ಯುತ್ತನ್ನು ಕಂಡು ಕೂಡಲೇ ಸಂಪರ್ಕ ಕಡಿಯುವ, 30 ಮಿಲಿಆಂಪಿಯರಿನ ರಕ್ಷಕ ಸ್ವಿಚ್ಚು ಈ ಇಡೀ ಸಾಲಿಗೆ ಇರಲೇಬೇಕು. ಆ ಸ್ವಿಚ್ಚು ಪದೇ ಪದೇ ಬೀಳುತ್ತದೆಯೆಂದು ಬೇಸತ್ತು ಅದನ್ನು ತಪ್ಪಿಸಿ ತಂತಿ ಎಳೆಸುವವರಿದ್ದಾರೆ. ಕೂಗುವ ಕಾವಲುಗಾರನ ಬಾಯಿ ಕಟ್ಟಿದಂತೆ. ಬೀಳುವುದೇ ಅದರ ಕೆಲಸ. ಮಳೆ ಬಂದ ಮರುದಿನ ಮಾತ್ರ ಬೀಳುತ್ತಿದ್ದರೆ ತಂತಿಯ ಪೆಟ್ಟಿಗೆಗೆ ತೇವ ಹೊಕ್ಕಿದೆ. ದೀಪಗಳನ್ನೂ ಪಂಪನ್ನೂ ಬಿಡಿಸಿ ಒಂದೊಂದಾಗಿ ಜೋಡಿಸುತ್ತ ಬಂದರೆ ಯಾವುದು ಬೀಳಿಸುತ್ತದೆಂಬುದು ತಿಳಿಯುತ್ತದೆ. ನೀರಿನಡಿಯ ಜೋಡಣೆಗೆ ಬಟ್ಟೆಯ ಟೇಪು ಸುತ್ತುವುದು ದುರಸ್ತಿಯಲ್ಲ, ಅಪರಾಧ.

ಎರೆನೆಲದಲ್ಲಿ ಭೂಸಂಪರ್ಕವೂ ಬೇಸಿಗೆಯಲ್ಲಿ ಕೈ ಕೊಡಬಹುದು. ಮಣ್ಣು ಕುಗ್ಗಿ ಬಿರಿದು ಕಂಬಿಯಿಂದ ಸರಿದು ನಿಲ್ಲುತ್ತದೆ. ತಂತಿ ನೆಲಕ್ಕೆ ಹೋಗಿದ್ದರೂ ನೆಲ ತಂತಿಗೆ ಸಿಗದಂತಾಗುತ್ತದೆ. ಭೂಸಂಪರ್ಕದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದೆರಡು ಕೊಡ ನೀರು ಹಾಕುವ ಪದ್ಧತಿಯನ್ನು ಬಿಡಬಾರದು.

ನೀರು ಮುಟ್ಟಿದಾಗ ಕೈ ಜುಮ್ಮೆಂದರೆ ಹಿಂದೆ ಸರಿದು ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಯಾರಾದರೂ ನೀರಿನಲ್ಲಿ ನಿಶ್ಚೇಷ್ಟಿತರಾಗಿ ಬಿದ್ದಿದ್ದರೂ ಮೊದಲ ಕೆಲಸ ಅದೇ; ಕಾಪಾಡಲು ಧುಮುಕಿದವರೂ ಅದೇ ವಿದ್ಯುತ್ತಿಗೆ ಸಿಕ್ಕುತ್ತಾರೆ. ಮುಖ್ಯ ಸ್ವಿಚ್ಚು ಎಲ್ಲಿದೆಯೆಂಬುದು ಮನೆಯ ಯಜಮಾನನಿಗೆ ಮಾತ್ರವಲ್ಲ, ಅಡಿಗೆಮನೆಯಲ್ಲಿರುವವರಿಗೂ ಓದುವ ಮಕ್ಕಳಿಗೂ ತಿಳಿದಿರಬೇಕು.

ದುರಸ್ತಿ ಮುಗಿದ ಕೊಳಕ್ಕೆ ಒಂದೇ ದಿನದಲ್ಲಿ ನೀರು ತುಂಬಿಸದೆ ಎರಡು ಮೂರು ದಿನ ಮಟ್ಟ ಮಟ್ಟವಾಗಿ ಏರಿಸಿದರೆ ಗೋಡೆಗೂ ಮಣ್ಣಿಗೂ ಹೊಂದಿಕೊಳ್ಳಲು ಅವಕಾಶವಾಗುತ್ತದೆ. ರಕ್ಷಕ ಸ್ವಿಚ್ಚಿನ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗ ಒಮ್ಮೆ ಒತ್ತಿ ನೋಡಬೇಕು, ಮುಂದೆ ತಿಂಗಳಿಗೊಮ್ಮೆ ಒತ್ತಬೇಕು. ಮೆಟ್ಟಿಲ ಮೇಲಿನ ಬಕೆಟ್ಟನ್ನು ಇನ್ನೊಂದು ವಾರ ಅಲ್ಲಿಯೇ ಇರಿಸಿ, ದಿನವೂ ಬೆಳಗ್ಗೆ ಎರಡು ಗೆರೆಗಳನ್ನು ನೋಡುತ್ತಿರಬೇಕು.