ತೈಚಿಯ ‘ಚಿ’, ಚಿಗಾಂಗಿನ ‘ಚಿ’: ಒಂದು ಕಲಿಕೆಯ ಪ್ರವಾಸ

ತೈಚಿ ಹಾಗೂ ಚಿಗಾಂಗ್ ಎಂಬ ಚೀನೀ ಅಭ್ಯಾಸಗಳ ಹೆಸರನ್ನು ನಾವು ಸಾಮಾನ್ಯವಾಗಿ ಜೊತೆಯಲ್ಲಿಯೇ ಕೇಳುತ್ತೇವೆ. ಎರಡರಲ್ಲೂ ‘ಚಿ’ ಇರುವುದರಿಂದ ಅದು ಒಂದೇ ಪದವೆಂದು ಭಾವಿಸುವುದು ಸಹಜ. ವಾಸ್ತವವಾಗಿ ಅವು ಎರಡು ಬೇರೆ ಪದಗಳು. ತೈಚಿಯ ‘ಚಿ’ಗೆ ತುತ್ತತುದಿ ಎಂದರ್ಥ, ಮೂಲದಲ್ಲಿ ಅದು ಮನೆಯ ಮಾಡಿನ ನೆತ್ತಿಯ ತೊಲೆಯನ್ನು ಸೂಚಿಸುತ್ತಿತ್ತು. ‘ತೈ’ ಎಂದರೆ ಮಹತ್ತಾದುದು. ಚಿಗಾಂಗಿನ ‘ಚಿ’ಗೆ ಗಾಳಿ, ಆವಿ, ಉಸಿರು ಎಂಬ ಅರ್ಥಗಳಿವೆ, ‘ಗಾಂಗ್’ ಎಂದರೆ ಶ್ರಮದಿಂದ ಗಳಿಸಿದ ಸಾಧನೆ.

ಚೀನೀಯರ ಉಚ್ಚಾರಣೆಯಲ್ಲಿ ಮೊದಲನೆಯ ‘ಚಿ’ ಅಲ್ಪಪ್ರಾಣ, ಎರಡನೆಯದು ಮಹಾಪ್ರಾಣ. ಹಳೆಯ ವೇಡ್–ಗೈಲ್ಸ್ ಪದ್ಧತಿಯ ರೋಮನ್ ಬರಹವು ಈ ಭೇದವನ್ನು ಅಕ್ಷರದ ಮೇಲ್ಬದಿಯ ಒಂದು ಸಣ್ಣ ಗೀಟಿನಿಂದ ತೋರಿಸುತ್ತಿತ್ತು. ಬಳಕೆಯಲ್ಲಿ ಆ ಗೀಟು ಬಿದ್ದುಹೋಯಿತು. ಚಕಾರ–ಛಕಾರಗಳೆರಡನ್ನೂ ಉಳ್ಳ ನಮ್ಮ ವರ್ಣಮಾಲೆಯು ಅದನ್ನು ನಿರಾಯಾಸವಾಗಿ ತೋರಿಸಬಲ್ಲುದು. ಆದರೆ ಪದಗಳು ಇಂಗ್ಲಿಷಿನ ಮೂಲಕ ಬಂದುದರಿಂದ ನಾವೂ ಎರಡನ್ನೂ ಒಂದೇ ಅಕ್ಷರದಲ್ಲಿ ಬರೆಯುತ್ತಿದ್ದೇವೆ. ಉಸಿರು ಎಂಬ ಅರ್ಥದ ಪದವು ಮಹಾಪ್ರಾಣದಲ್ಲಿಯೇ ಉಚ್ಚಾರವಾಗುವುದು ಭಾಷಾಶಾಸ್ತ್ರದ ದೃಷ್ಟಿಯಿಂದ ಕೇವಲ ಆಕಸ್ಮಿಕ. ಆದರೂ ಭೇದವನ್ನು ನೆನಪಿಡಲು ವಿದ್ಯಾರ್ಥಿಗಳಿಗೆ ಅದು ಒದಗುತ್ತದೆ.

ಬರಹದಲ್ಲಿ ಅಳಿದುಹೋಗುವ ಇಂತಹ ಸೂಕ್ಷ್ಮ ಭೇದಗಳು ದೇಹದ ವಿದ್ಯೆಯಲ್ಲಿ ಇನ್ನೂ ಹೆಚ್ಚು. ಅವನ್ನು ಗುರುವಿನ ಎದುರಿನಲ್ಲಿ ಅರಿಯಲೆಂದೇ ಅನೇಕ ದೇಶಗಳ ಅಭ್ಯಾಸಿಗಳು ಗುಂಪುಗೂಡಿ ಚೀನಾಕ್ಕೆ ತೆರಳುತ್ತಾರೆ. ಅವರು ಹೋಗುವ ಸ್ಥಳಗಳಲ್ಲಿ ಪ್ರಮುಖವಾದುದು ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿರುವ ಚೆನ್‌ಜಿಯಾಗೌ ಎಂಬ ಹಳ್ಳಿ. ‘ಚೆನ್ ಮನೆತನದ ಹಳ್ಳ’ ಎಂಬುದು ಆ ಹೆಸರಿನ ಅರ್ಥ. ಪ್ರಾಂತ್ಯದ ರಾಜಧಾನಿಯಾದ ಝೆಂಗ್‌ಝೌ ನಗರದಲ್ಲಿ ಇಳಿದವರು ಹಳದಿ ನದಿಯನ್ನು ದಾಟಿ ಉತ್ತರ ದಡದ ಈ ಊರನ್ನು ಸೇರುತ್ತಾರೆ. 17ನೆಯ ಶತಮಾನದಲ್ಲಿ ಚೆನ್ ವಾಂಗ್‌ಟಿಂಗ್ ಎಂಬ ಯೋಧ ಇಲ್ಲಿ ರೂಪಿಸಿದ ಸಮರಕಲೆಯೇ ಇಂದಿನ ತೈಚಿಯ ಮೂಲವೆಂದು ಹಳ್ಳಿಯ ಪರಂಪರೆ ಹೇಳುತ್ತದೆ. 19ನೆಯ ಶತಮಾನದಲ್ಲಿ ಯಾಂಗ್ ಲುಚಾನ್ ಎಂಬ ಹೊರಗಿನವನು ಇಲ್ಲಿ ಕಲಿತು ಬೀಜಿಂಗಿನಲ್ಲಿ ಕಲಿಸತೊಡಗಿದ ಬಳಿಕ ಈ ವಿದ್ಯೆ ಮನೆತನದ ಎಲ್ಲೆಯನ್ನು ಮೀರಿ ಹರಡಿತು. ಉದ್ಯಾನಗಳಲ್ಲಿ ಹಿರಿಯರು ಮಾಡುವ 24 ಭಂಗಿಗಳ ಸರಳ ಕ್ರಮವಾದರೋ 1956ರಲ್ಲಿ ಚೀನಾದ ಕ್ರೀಡಾ ಆಯೋಗವು ಯಾಂಗ್ ಶೈಲಿಯ ಆಧಾರದ ಮೇಲೆ ಸಿದ್ಧಪಡಿಸಿದುದು.

ಇಲ್ಲಿಗೆ ಬರುವ ಗುಂಪಿನ ದಿನಚರಿ ಸರಳವಾದುದು. ಮೊದಲು ಕಂಬದಂತೆ ನಿಲ್ಲುವ ಅಭ್ಯಾಸ. ಮಂಡಿಗಳನ್ನು ತುಸು ಮಡಿಸಿ, ಮರವನ್ನು ತಬ್ಬಿದಂತೆ ತೋಳುಗಳನ್ನು ದುಂಡಾಗಿ ಹಿಡಿದು, ಅಲುಗಾಡದೆ ನಿಲ್ಲಬೇಕು. ಗುರು ಹೇಳುವ ಮಾತು ಒಂದೇ: ‘ಸುಂಗ್’, ಅಂದರೆ ಸಡಿಲಿಸು. ಹೊಸಬರು ಅದನ್ನು ಕೇಳಿ ಮೈಯನ್ನೇ ಜೋತುಬಿಡುತ್ತಾರೆ. ಗುರು ಬಳಿಗೆ ಬಂದು ಭುಜವನ್ನು ತುಸು ಕೆಳಗೊತ್ತಿ, ಸೊಂಟವನ್ನು ಅಂಗುಲದಷ್ಟು ತಿರುಗಿಸಿದಾಗ ಭಾರವೆಲ್ಲ ತೊಡೆಗಿಳಿಯುತ್ತದೆ, ಕಾಲುಗಳು ನಡುಗತೊಡಗುತ್ತವೆ. ಬೇಡದ ಬಿಗಿಯನ್ನು ಬಿಟ್ಟೂ ಕುಸಿಯದೆ ನಿಲ್ಲುವುದೇ ‘ಸುಂಗ್’ ಎಂಬುದು ಆಗ ತಿಳಿಯುತ್ತದೆ. ನಿಘಂಟಿನ ‘ಸಡಿಲ’ ಎಂಬ ಅರ್ಥ ತಪ್ಪಲ್ಲ. ಆದರೆ ಅದು ಅರ್ಧ ಮಾತ್ರ.

ಅನಂತರ ‘ರೇಷ್ಮೆಯೆಳೆ ಸುತ್ತುವುದು’ ಎಂಬ ಹೆಸರಿನ ಚಲನೆಗಳು. ಹೊಸೂರು, ತಾಳವಾಡಿ, ಮಡಕಶಿರಾ ಕಡೆಯ ವಿದ್ಯಾರ್ಥಿಗಳಿಗೆ ಈ ರೂಪಕವನ್ನು ವಿವರಿಸಬೇಕಾಗಿಲ್ಲ. ಗೂಡಿನಿಂದ ನೂಲು ಬಿಚ್ಚುವಾಗ ಜಗ್ಗಿದರೆ ಎಳೆ ತುಂಡಾಗುತ್ತದೆ, ತಡೆದರೆ ಸಿಕ್ಕಾಗುತ್ತದೆ. ಸೊಂಟದಿಂದ ಹೊರಟ ತಿರುವು ಬೆರಳ ತುದಿಯವರೆಗೆ ಅದೇ ಸಮವೇಗದಲ್ಲಿ, ಎಲ್ಲಿಯೂ ಕಡಿಯದೆ ಸಾಗಬೇಕು. ದೃಶ್ಯಮುದ್ರಿಕೆಯಲ್ಲಿ ಕೈಯ ಚಲನೆ ಕಾಣುತ್ತದೆ. ಅದು ಸೊಂಟದಿಂದ ಹೊರಟಿತೋ ಇಲ್ಲವೋ ಎಂಬುದು ಕಾಣುವುದಿಲ್ಲ. ಗುಂಪಿನ ಅಗತ್ಯ ಇರುವುದೂ ಇಲ್ಲಿಯೇ. ಇಬ್ಬರು ಎದುರುಬದುರಾಗಿ ನಿಂತು, ಕೈಗೆ ಕೈ ತಾಗಿಸಿ ಪರಸ್ಪರರ ಒತ್ತಡವನ್ನು ಗ್ರಹಿಸುವ ‘ತಳ್ಳುಗೈ’ ಅಭ್ಯಾಸಕ್ಕೆ ಜೊತೆಗಾರ ಬೇಕೇ ಬೇಕು. ಎತ್ತರ, ತೂಕ, ವಯಸ್ಸುಗಳಲ್ಲಿ ಭಿನ್ನರಾದ ಜೊತೆಗಾರರು ಸಿಕ್ಕಷ್ಟೂ ಒಬ್ಬನ ತಪ್ಪು ಅವನಿಗೇ ಹೆಚ್ಚು ಸ್ಪಷ್ಟವಾಗುತ್ತದೆ.

ಚಿಗಾಂಗ್ ಎಂಬ ಹೆಸರು ಈಗಿನ ವ್ಯಾಪಕ ಅರ್ಥದಲ್ಲಿ ರೂಢಿಗೆ ಬಂದುದು 1950ರ ದಶಕದಲ್ಲಿ. ಆದರೆ ಅದು ಒಳಗೊಳ್ಳುವ ಅಭ್ಯಾಸಗಳು ಬಹಳ ಹಳೆಯವು. ಕ್ರಿ.ಪೂ. 168ರಲ್ಲಿ ಮುಚ್ಚಲಾದ ಮಾವಾಂಗ್‌ದುಯಿಯ ಸಮಾಧಿಯೊಂದರಲ್ಲಿ, ವ್ಯಾಯಾಮದಲ್ಲಿ ತೊಡಗಿದ 44 ಆಕೃತಿಗಳನ್ನು ಚಿತ್ರಿಸಿದ ರೇಷ್ಮೆವಸ್ತ್ರ 1973ರ ಉತ್ಖನನದಲ್ಲಿ ದೊರೆಯಿತು. ‘ಎಂಟು ತುಂಡು ಜರತಾರಿ’ ಎಂಬ ಅರ್ಥದ ಬಾದುವಾನ್‌ಜಿನ್, ಹುಲಿ, ಜಿಂಕೆ, ಕರಡಿ, ಕಪಿ, ಹಕ್ಕಿಗಳನ್ನು ಅನುಕರಿಸುವ ‘ಐದು ಪ್ರಾಣಿಗಳ ಆಟ’ ಇಂದಿಗೂ ಪ್ರಚಾರದಲ್ಲಿವೆ.

ರೋಗಪರಿಹಾರದ ಆಸೆಯಿಂದ ಹೊರಡುವವರೂ ಇದ್ದಾರೆ. ಅವರು ಆಧಾರವಿರುವುದನ್ನೂ ಇಲ್ಲದುದನ್ನೂ ಬೇರ್ಪಡಿಸಿಕೊಳ್ಳಬೇಕು. ಪಾರ್ಕಿನ್ಸನ್ ಕಾಯಿಲೆಯ 195 ಮಂದಿಯ ಮೇಲೆ 24 ವಾರ ನಡೆದು, 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವು ತೈಚಿಯಿಂದ ದೇಹದ ಸಮತೋಲ ಸುಧಾರಿಸಿತೆಂದು ತೋರಿಸಿದೆ. 1980ರ ದಶಕದ ಚೀನಾದಲ್ಲಿ ಕೇಳಿಬಂದ, ದೂರದಿಂದಲೇ ‘ಚಿ’ ಹರಿಸಿ ರೋಗ ಗುಣಪಡಿಸುವ ಹೇಳಿಕೆಗಳಿಗೆ ಅಂತಹ ಆಧಾರವಿಲ್ಲ. ಔಷಧಿಯನ್ನು ಬಿಟ್ಟು ಪ್ರವಾಸವನ್ನು ನೆಚ್ಚುವುದು ಅಪಾಯಕರ. ‘ಚಿ’ಯನ್ನು ‘ಪ್ರಾಣ’ವೆಂದು ಅನುವಾದಿಸುವಾಗಲೂ ಎಚ್ಚರ ಅಗತ್ಯ, ಆ ಪದದೊಡನೆ ಯೋಗಶಾಸ್ತ್ರದ ಇಡೀ ಚೌಕಟ್ಟು ನುಸುಳಿಬರುತ್ತದೆ.

ಹತ್ತು ದಿನಗಳ ಪ್ರವಾಸದಿಂದ ಯಾರೂ ತೈಚಿಯಲ್ಲಿ ಪರಿಣತರಾಗುವುದಿಲ್ಲ. ಮನೆಗೆ ತರಬಹುದಾದುದು ಎರಡು ಮೂರು ತಿದ್ದುಪಡಿಗಳನ್ನು ಮಾತ್ರ. ಅವು ಉಳಿಯುವುದು ದಿನನಿತ್ಯದ ಅಭ್ಯಾಸದಿಂದ. ಚೆನ್‌ಜಿಯಾಗೌನ ಇತಿಹಾಸವೇ ಇದಕ್ಕೆ ಸಾಕ್ಷಿ. 1958ರಲ್ಲಿ ಚೆನ್ ಝಾವೊಪಿ ಎಂಬ ವೃದ್ಧ ಗುರು ಸ್ವಂತ ಊರಿಗೆ ಮರಳಿದಾಗ ಅಲ್ಲಿ ಈ ಕಲೆ ಬಹುಮಟ್ಟಿಗೆ ನಿಂತುಹೋಗಿತ್ತು. ಆತ ಅಲ್ಲಿಯೇ ನೆಲೆಸಿ ಊರಿನ ಕಿರಿಯರಿಗೆ ಕಲಿಸಿದ. ಅವರಲ್ಲಿ ಕೆಲವರು ಮುಂದೆ ಲೋಕದ ಅನೇಕ ದೇಶಗಳಿಗೆ ಗುರುಗಳಾದರು. 2020ರಲ್ಲಿ ಯುನೆಸ್ಕೊ ತೈಚಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮನ್ನಣೆಗಿಂತ 62 ವರ್ಷ ಮೊದಲು, ಮನೆಯಂಗಳದಲ್ಲಿ ಕೆಲವು ಹುಡುಗರನ್ನು ನಿಲ್ಲಿಸಿಕೊಂಡು ಕಲಿಸಿದ ಮುದುಕನ ಕೆಲಸವೇ ಕಲೆಯನ್ನು ಅದರ ಹುಟ್ಟೂರಿನಲ್ಲಿ ಉಳಿಸಿತು.