ಗುಲಗಂಜಿ ಮರ ಎಲ್ಲೂ ಇಲ್ಲ: ನಂಬಿಕೆ ಮತ್ತು ಸತ್ಯ

ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಹೆಬ್ಬೆರಳು, ತೋರುಬೆರಳ ನಡುವೆ ತೊಟ್ಟಿನ ಸಮೇತ ಒಂದು ಗುಲಗಂಜಿ ಇದೆ. ಕಪಿಲೆ–ಕಾವೇರಿ ಕೂಡುವ ಈ ಕ್ಷೇತ್ರದ ಮಹಿಮೆ ಕಾಶಿಗಿಂತ ಗುಲಗಂಜಿ ತೂಕ ಹೆಚ್ಚು ಎಂಬುದು ಅದರ ಸಂಕೇತ. ಆದರೆ ಈ ಪುಟ್ಟ ಕಾಳಿನ ಬಗ್ಗೆ ನಮ್ಮಲ್ಲಿ ಹಲವು ತಪ್ಪು ಕಲ್ಪನೆಗಳಿವೆ. ಕೆಲವಂತೂ ಜೀವಕ್ಕೇ ಎರವಾಗುವಂಥವು.

ನಂಬಿಕೆ: ಗುಲಗಂಜಿ ಮರದಲ್ಲಿ ಬಿಡುತ್ತದೆ.

ಸತ್ಯ: ಅದು ಅವರೆ, ತೊಗರಿಯ ಕುಟುಂಬಕ್ಕೆ ಸೇರಿದ ಬಳ್ಳಿ. ಬೇಲಿಗೋ ಪೊದೆಗೋ ಹಬ್ಬುತ್ತದೆ. ಎಲೆಗಳು ಹುಣಸೆ ಸೊಪ್ಪಿನ ಹಾಗೆ ಜೋಡಿಜೋಡಿ. ಕಾಯಿ ಒಣಗಿ ಬಾಯಿಬಿಟ್ಟಾಗ ಕೆಂಪು ಮೈ, ಕಪ್ಪು ಕಣ್ಣಿನ ಕಾಳುಗಳು ಸಿಪ್ಪೆಗೆ ಅಂಟಿಕೊಂಡೇ ಕಾಣುತ್ತವೆ. ಜನ ‘ಗುಲಗಂಜಿ ಮರ’ ಎಂದು ತೋರಿಸುವುದು ಆನೆ ಗುಲಗಂಜಿ, ಅಂದರೆ ಮಂಜಟ್ಟಿಯನ್ನು. ಅದರ ಬೀಜ ಇಡಿಯಾಗಿ ಕೆಂಪು, ಕಪ್ಪು ಚುಕ್ಕೆ ಇಲ್ಲ. ತೂಕವೂ ಹೆಚ್ಚುಕಡಿಮೆ ಎರಡರಷ್ಟು.

ನಂಬಿಕೆ: ಎಲ್ಲ ಗುಲಗಂಜಿಯೂ ಒಂದೇ ತೂಕ.

ಸತ್ಯ: ಸರಾಸರಿ ತೂಕ ಸುಮಾರು 0.12 ಗ್ರಾಂ. ಆದರೆ ಕಾಳಿನಿಂದ ಕಾಳಿಗೆ ವ್ಯತ್ಯಾಸ ಇದ್ದೇ ಇದೆ. ಚಿನ್ನ ತೂಗಲು ಸಮನಾದ ಕಾಳುಗಳನ್ನೇ ಆರಿಸಿಕೊಳ್ಳಬೇಕಿತ್ತು. 11.66 ಗ್ರಾಂನ ತೊಲಕ್ಕೆ 96 ಗುಂಜಿ ಎಂಬ ಲೆಕ್ಕ ನಿಂತಿದ್ದು ಹೀಗೆ. ಕಾಳಿನ ಸಿಪ್ಪೆ ಗಟ್ಟಿ, ಬೇಗ ಕೆಡುವುದಿಲ್ಲ. ತಕ್ಕಡಿಗೆ ಬೇಕಾಗಿದ್ದ ಗುಣ ಅದೇ.

ನಂಬಿಕೆ: ಮಕ್ಕಳ ಕೊರಳಿಗೆ, ಕೈಗೆ ಕಟ್ಟಿದರೆ ರಕ್ಷೆ.

ಸತ್ಯ: ಸ್ವಾಮಿಯ ಕೈಯಲ್ಲಿ ಅದು ಕ್ಷೇತ್ರದ ಹಿರಿಮೆಯ ಅಳತೆ. ಮಗುವಿನ ಮೈಮೇಲೆ ಅದು ಬರೀ ಅಪಾಯ. ಕಾಳಿನೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಜೀವಕೋಶಗಳು ಪ್ರೋಟೀನ್ ತಯಾರಿಸುವುದನ್ನೇ ಅದು ನಿಲ್ಲಿಸಿಬಿಡುತ್ತದೆ. ಸರಕ್ಕೆ ಪೋಣಿಸಲು ತೂತು ಕೊರೆದ ಕಾಳು ಇನ್ನೂ ಅಪಾಯಕಾರಿ, ಏಕೆಂದರೆ ವಿಷವನ್ನು ಒಳಗೇ ತಡೆದಿದ್ದ ಸಿಪ್ಪೆ ಒಡೆದಿರುತ್ತದೆ.

ನಂಬಿಕೆ: ಹಿಂದೆ ಯಾರೋ ನುಂಗಿದ್ದರು, ಏನೂ ಆಗಲಿಲ್ಲ, ಹಾಗಾಗಿ ವಿಷ ಎಂಬುದು ಸುಳ್ಳು.

ಸತ್ಯ: ಇಡೀ ಕಾಳು ಗಟ್ಟಿ ಸಿಪ್ಪೆಯ ದೆಸೆಯಿಂದ ಜೀರ್ಣವಾಗದೆ ಹಾಗೇ ಹೊರಬೀಳುವುದುಂಟು. ಅಗಿದರೆ, ಅರೆದರೆ ಪರಿಸ್ಥಿತಿಯೇ ಬೇರೆ. ನಂಜನಗೂಡಿನ ನಂಜುಂಡೇಶ್ವರ ಹಾಲಾಹಲವನ್ನು ಕಂಠದಲ್ಲೇ ತಡೆದ. ಮನುಷ್ಯರ ಕರುಳಿಗೆ ಆ ಶಕ್ತಿಯಿಲ್ಲ.

ನಂಬಿಕೆ: ಆಯುರ್ವೇದದಲ್ಲಿದೆ, ಮನೆಯಲ್ಲೇ ಔಷಧಿ ಮಾಡಿಕೊಳ್ಳಬಹುದು.

ಸತ್ಯ: ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿದ ನಂಜನಗೂಡಿನ ಸೀಮೆಯಲ್ಲಿ ಆಯುರ್ವೇದದ ಮೇಲೆ ಭರವಸೆ ಇರುವುದು ಸಹಜ. ಆ ಭರವಸೆ ಇದ್ದರೆ ಅದರ ಎಚ್ಚರಿಕೆಯನ್ನೂ ಕೇಳಬೇಕು. ಆಯುರ್ವೇದವೇ ಗುಲಗಂಜಿಯನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಹಾಲಿನಲ್ಲೋ ಹುಳಿಗಂಜಿಯಲ್ಲೋ ಬೇಯಿಸಿ ಶೋಧನೆ, ಅಂದರೆ ಶುದ್ಧಿ, ಮಾಡದೆ ಬಳಸಕೂಡದು ಎನ್ನುತ್ತದೆ. ಅದು ಕಲಿತ ವೈದ್ಯರ ಕೆಲಸ, ನಮ್ಮ ಅಡುಗೆಮನೆಯದ್ದಲ್ಲ.

ಮನೆಯಲ್ಲಿ ಗುಲಗಂಜಿ ಇದ್ದರೆ ಮಕ್ಕಳ ಕೈಗೆ ಎಟುಕದಂತೆ ಮುಚ್ಚಿಡಿ. ಮಗು ಅಗಿದಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ–ಭೇದಿ ಶುರುವಾಗಲಿ ಎಂದು ಕಾಯಬೇಡಿ. ಲಕ್ಷಣ ಕಾಣಿಸಿಕೊಳ್ಳಲು ಹಲವು ಗಂಟೆ ಹಿಡಿಯಬಹುದು. ಈ ವಿಷಕ್ಕೆ ಪ್ರತಿವಿಷವಿಲ್ಲ. ಉಳಿದ ಕಾಳನ್ನು ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ.