ಹನ್ನೊಂದೂವರೆ ಗುಂಟೆಯಲ್ಲಿ ಶರಾವತಿ

ಮೇ ತಿಂಗಳ ನಡುಹಗಲು ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯಲ್ಲಿ ಬರಿಗಾಲಲ್ಲಿ ನೆಲ ಮುಟ್ಟಲಾಗದು. ಆ ಬಿಸಿಲಿನ ಬಲ ಚದರ ಮೀಟರಿಗೆ ಸುಮಾರು 1,000 ವ್ಯಾಟ್. ಈಗ ಗೇಮ್ ಆಡುವ ಹುಡುಗರ ಕಂಪ್ಯೂಟರನ್ನು ನೋಡಿ. ಅದರ ಪ್ರೊಸೆಸರಿನೊಳಗಿರುವುದು ಎರಡೂವರೆ ಚದರ ಸೆಂಟಿಮೀಟರ್ ಸಿಲಿಕಾನ್. ದುಡಿತ ಜೋರಾದಾಗ ಅದು ಕಕ್ಕುವ ಶಾಖ 250 ವ್ಯಾಟ್. ಅಂದರೆ ಚದರ ಮೀಟರಿಗೆ 10 ಲಕ್ಷ ವ್ಯಾಟ್! ಪೆಂದುರ್ತಿಯ ನೆತ್ತಿಯ ಮೇಲೆ ಸಾವಿರ ಸೂರ್ಯರು ಒಟ್ಟಿಗೆ ಬಂದು ನಿಂತಷ್ಟು.

ಈ ಶಾಖ ಮೇಲೆ ಕೂರುವ, ಶಾಖ ಹೀರಿ ಹೊರಚೆಲ್ಲುವ ಲೋಹದ ಹೀಟ್‌ಸಿಂಕ್‌ಗೆ ದಾಟಬೇಕು. ನಡುವಿನ ಸಣ್ಣ ತಗ್ಗುಗಳಲ್ಲಿ ಕೂತು ಅಡ್ಡಗಾಲು ಹಾಕುವುದು ಗಾಳಿ. ತಾಮ್ರ ಗಾಳಿಗಿಂತ ಸುಮಾರು 15,000 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಬರೀ 50 ಮೈಕ್ರಾನ್ ಗಾಳಿ, ಅಂದರೆ ಕೂದಲೆಳೆಯಷ್ಟೂ ಇಲ್ಲದ ಪದರ, ಮುಕ್ಕಾಲು ಮೀಟರ್ ದಪ್ಪದ ತಾಮ್ರಕ್ಕೆ ಸಮ! ಥರ್ಮಲ್ ಪೇಸ್ಟ್ ತುಂಬಿದರೆ ಆ ದಪ್ಪ ಕೆಲವು ಮಿಲಿಮೀಟರಿಗೆ ಇಳಿಯುತ್ತದೆ. ಅಷ್ಟಕ್ಕೂ ತೃಪ್ತರಾಗದವರು ಲ್ಯಾಪಿಂಗ್‌ಗೆ ಕೂರುತ್ತಾರೆ: ದಪ್ಪ ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ, 400ರ ಗ್ರಿಟ್‌ನಿಂದ 2,000ದವರೆಗೆ ಏರುತ್ತ, ಪ್ರೊಸೆಸರಿನ ಮುಚ್ಚಳವನ್ನೂ ಹೀಟ್‌ಸಿಂಕಿನ ತಳವನ್ನೂ ಉಜ್ಜುತ್ತಾರೆ. ನಿಕಲ್ ಲೇಪ ಸವೆದು, ತಾಮ್ರದಲ್ಲಿ ಮುಖ ಕಾಣುವವರೆಗೆ! ಇಳಿಯುವುದು ಕೆಲವೇ ಡಿಗ್ರಿ, ವಾರಂಟಿಯೂ ಹೋಗುತ್ತದೆ. ಆದರೂ ಈ ಹಟ ನನಗೆ ಬಹಳ ಇಷ್ಟ.

ಯಾಕೆಂದರೆ ಅವರು ಸಮ ಮಾಡುವ ನೆಲ ಸಾಮಾನ್ಯದ್ದಲ್ಲ. 4 ಸೆಂಟಿಮೀಟರ್ ಅಗಲದ ಆ ಮುಚ್ಚಳವನ್ನು ವಿಶಾಖಪಟ್ಟಣದಿಂದ ವಿಜಯವಾಡದವರೆಗೆ, ಸುಮಾರು 350 ಕಿಲೋಮೀಟರ್ ಹಿಗ್ಗಿಸಿ. 50 ಮೈಕ್ರಾನಿನ ತಗ್ಗು ಆಗ 437 ಮೀಟರ್ ಆಳದ ಕಣಿವೆ. 253 ಮೀಟರಿನ ಜೋಗ ಅದರೊಳಗೆ ಪೂರ್ತಿ ಮುಳುಗುತ್ತದೆ!

ಉಜ್ಜುವ ವಿದ್ಯೆಯಲ್ಲಿ ಇದಕ್ಕೂ ಮೇಲಿನವರಿದ್ದಾರೆ. 1986ರಲ್ಲಿ ಕಾವಲೂರಿನಲ್ಲಿ ಕಣ್ತೆರೆದ ವೈನು ಬಪ್ಪು ದೂರದರ್ಶಕದ 2.34 ಮೀಟರ್ ಕನ್ನಡಿಯನ್ನು ಉಜ್ಜಿ ಹೊಳಪು ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಇಂಥ ಕನ್ನಡಿಯ ಓರೆಕೋರೆ ಅಳೆಯುವುದು ಬೆಳಕಿನ ಅಲೆಯ ತುಣುಕುಗಳಲ್ಲಿ. ಅಷ್ಟು ದೊಡ್ಡ ಕನ್ನಡಿಯನ್ನೂ ವಿಜಯವಾಡದವರೆಗೆ ಹಿಗ್ಗಿಸಿ ನೋಡಿ: 0.1 ಮೈಕ್ರಾನಿನ ಉಬ್ಬು ಒಂದೂವರೆ ಸೆಂಟಿಮೀಟರ್. ದಾರಿಯುದ್ದಕ್ಕೂ ಒಂದು ಅಡಿಕೆಗಿಂತ ಎತ್ತರದ ದಿಣ್ಣೆಯಿಲ್ಲ!

ಮತ್ತೆ ಶಾಖಕ್ಕೆ ಬಂದರೆ, ನಿಜವಾದ ದೈತ್ಯ ಇನ್ನೊಂದಿದೆ. 2025ರ ಅಕ್ಟೋಬರಿನಲ್ಲಿ ಗೂಗಲ್ ವಿಶಾಖಪಟ್ಟಣಕ್ಕೆ ಘೋಷಿಸಿದ ಡೇಟಾ ಸೆಂಟರ್ 1 ಗಿಗಾವ್ಯಾಟ್ ಮಟ್ಟದ್ದು. ಐದು ವರ್ಷಗಳಲ್ಲಿ ಹಾಕುವ ಹಣ 1,500 ಕೋಟಿ ಡಾಲರ್. ಒಂದು ಗಿಗಾವ್ಯಾಟ್ ಎಂದರೆ 100 ಕೋಟಿ ವ್ಯಾಟ್. ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರಗಳು ಒಟ್ಟಿಗೆ ತಿರುಗಿದರೆ 1,035 ಮೆಗಾವ್ಯಾಟ್. ಹೆಚ್ಚುಕಡಿಮೆ ಅದಷ್ಟೂ ಈ ಡೇಟಾ ಸೆಂಟರ್ ಒಂದಕ್ಕೇ ಬೇಕು. ಒಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ. ಆ ಶಾಖದಲ್ಲಿ ಸೆಕೆಂಡಿಗೆ 3,000 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ತರಬಹುದು. 12,000 ಲೀಟರಿನ ಟ್ಯಾಂಕರ್ ನಾಲ್ಕೇ ಸೆಕೆಂಡಿಗೆ ಕುದಿಯುತ್ತದೆ. 25 ಲಕ್ಷ ಲೀಟರಿನ ಒಲಿಂಪಿಕ್ ಈಜುಕೊಳಕ್ಕೆ 13 ನಿಮಿಷ ಸಾಕು!

ಅಷ್ಟೂ ವಿದ್ಯುತ್ತು ಎನ್‌ವಿಡಿಯಾದ ಎಚ್100ನಂಥ 700 ವ್ಯಾಟಿನ ಚಿಪ್‌ಗಳಿಗೇ ಹೋಯಿತೆಂದು ಲೆಕ್ಕ ಹಿಡಿಯೋಣ. 14 ಲಕ್ಷಕ್ಕೂ ಹೆಚ್ಚು ಚಿಪ್‌ಗಳು ಬೇಕು. ಒಂದೊಂದರ ಸಿಲಿಕಾನ್ ಸುಮಾರು 8 ಚದರ ಸೆಂಟಿಮೀಟರ್. ಅವನ್ನೆಲ್ಲ ಒತ್ತೊತ್ತಾಗಿ ಹಾಸಿದರೆ ತುಂಬುವ ಜಾಗ ಹನ್ನೊಂದೂವರೆ ಗುಂಟೆ, ಎಕರೆಯ ಮೂರನೇ ಒಂದು ಭಾಗವೂ ಇಲ್ಲ. ಒಂದು ಶರಾವತಿಯಷ್ಟು ಶಾಖ ದಾಟಬೇಕಾದದ್ದು ಅಷ್ಟೇ ಜಾಗದಲ್ಲಿ.